ಯಾವ ಡಿಸ್ಕಿನಲ್ಲೂ ಇಲ್ಲದ ಎರಡು ಪದ

ತಪ್ಪು ನನ್ನದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಹಳೆಯ ಇಂಗ್ಲಿಷ್ ಸಿನಿಮಾದ ಕೊನೆಯಲ್ಲಿ, ಯಂತ್ರ ಆರಿಹೋಗುವ ಮುಂಚೆ ಅದರ ಗಾಜಿನ ಮೇಲೆ 'ನೀರು ಮುಟ್ಟಿತೇ?' ಎಂಬ ಎರಡು ಪದ ಮೂಡುವುದಿಲ್ಲ. ಥೇಟರಿಗೆ ಬಂದ ಪ್ರತಿಯಲ್ಲಿ ಇಲ್ಲ, ಟೀವಿಗೆಂದು ಮೊಟಕು ಮಾಡಿದ್ದರಲ್ಲಿ ಇಲ್ಲ, ನಿರ್ದೇಶಕ ಹಟ ಹಿಡಿದು ಮತ್ತೆ ಜೋಡಿಸಿದ್ದರಲ್ಲಿ ಇಲ್ಲ, ಬಿಡುಗಡೆಯಾಗಿ ಇಷ್ಟು ವರ್ಷವಾಯಿತೆಂಬ ನೆನಪಿಗೆ ಪುಸ್ತಕದ ಜೊತೆ ಮಾರಿದ್ದರಲ್ಲಿ ಇಲ್ಲ, ಈಗ ತೊಳೆದು ಒರೆಸಿ ತಗಡಿನ ಡಬ್ಬಿಯಲ್ಲಿಟ್ಟು ಕಳಿಸಿದ್ದರಲ್ಲೂ ಇಲ್ಲ. ಅದು ಚಿಕ್ಕೋಡಿಯಲ್ಲಿ, ನಮ್ಮ ಮಾಮಾನ ಮನೆಯ ಪಡಸಾಲೆಯಲ್ಲಿ, ಊಟದ ಮೇಲಿನ ಜೋಂಪಿನಲ್ಲಿ ನನ್ನ ಬಾಯಿಂದ ಬಿದ್ದದ್ದು.

ನಾನು ಮದುವೆ ಆರ್ಕೆಸ್ಟ್ರಾದಲ್ಲಿ ಮಿಮಿಕ್ರಿ ಮಾಡುವವನು. ಹಾಡುವವರು ನೀರು ಕುಡಿದು ಬರುವ ತನಕ ಜನ ಊಟದ ಪಂಕ್ತಿಗೆ ಓಡದಂತೆ ಹಿಡಿದಿಡುವುದು ನನ್ನ ಕಸುಬು. ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಕಬ್ಬು ತೂಗುವ ಗುಮಾಸ್ತ, ನಿಪ್ಪಾಣಿ ಬಸ್ ಸ್ಟ್ಯಾಂಡಿನಲ್ಲಿ ಒಂದೇ ಉಸಿರಿಗೆ ಕನ್ನಡ ಮರಾಠಿ ಎರಡೂ ಒದರುವ ಕಂಟ್ರೋಲರ್, ಮುಗಳಖೋಡದ ದನದ ದಲಾಲಿ, ಎಲ್ಲರೂ ನನ್ನ ಗಂಟಲಲ್ಲಿ ಬಿಡಾರ ಹೂಡಿದ್ದಾರೆ. ನನ್ನ ಸ್ವಂತ ದನಿಯನ್ನು ಈವರೆಗೆ ಯಾವ ಬೀಗರೂ ಕೇಳಿ ಕರೆಸಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ಗಂಟಲು ಖಾಲಿ, ನಾನೂ ಖಾಲಿ. ಅದಕ್ಕೇ ಮಾಮಾ ನಮ್ಮೂರು ಅಂಕಲಿಗೆ ಫೋನ್ ಮಾಡಿ ಕರೆದಾಗ ಹೋದೆ.

ಮಾಮಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಆ ಒಂದೇ ಒಂದು ಸಿನಿಮಾದ ಬೇರೆ ಬೇರೆ ಪ್ರತಿಗಳನ್ನು ಕೂಡಿಹಾಕುವುದು ಅವರ ಚಟ. ಯಾವುದರಲ್ಲಿ ಯಾವ ದೃಶ್ಯ ಎಷ್ಟು ಉದ್ದ, ಎಲ್ಲಿ ಕತ್ತರಿ ಬಿದ್ದಿದೆ ಎಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಈಗ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಪರದೆ ಬೆಳಗಿದ್ದು, ಏನೋ ಅಲುಗಾಡಿದ್ದು ತಿಳಿಯುತ್ತದೆ, ಅಷ್ಟೇ. ಮಾತು, ಸಂಗೀತ ಅವರೇ ಕೇಳುತ್ತಾರೆ. ನೋಡಲು ಒಂದು ಜೊತೆ ಕಣ್ಣು ಬೇಕಿತ್ತು. ನಾನು ಸಿಕ್ಕೆ.

ಪುಣೆಯಿಂದ ಹೊಸ ಡಬ್ಬಿ ಬಂದಿತ್ತು. ಮಾಮಿ ಅದನ್ನು ಬಡಿದು ನೋಡಿ, "ಡಬ್ಬಿ ಚೊಲೊ ಐತಿ. ಒಳಗಿಂದು ತಗದ್ರ ಜೀರಗಿ ಹಾಕಾಕ ಬರ್ತೈತಿ" ಅಂದರು.

"ಅದು ಸಂಗ್ರಹಕಾರರ ಪ್ರತಿ," ಅಂದರು ಮಾಮಾ.

"ನಾನೂ ಡಬ್ಬಿ ಸಂಗ್ರಹ ಮಾಡತೀನಿ," ಅಂದು ಮಾಮಿ ಒಳಗೆ ಹೋದರು.

ಕಥೆ ಇಷ್ಟು: ದೂರದ ಗ್ರಹದ ಮೇಲೆ ನೆಲೆ ನಿಂತ ಜನರಿಗೆ ನೀರು ಹೊತ್ತೊಯ್ಯುವ ನೌಕೆ. ನಮ್ಮ ಸದಲಗಾದ ಹಾಲಿನ ಟ್ಯಾಂಕರಿಗೆ ರೆಕ್ಕೆ ಹಚ್ಚಿದ ಹಾಗೆ. ಅದರಲ್ಲಿ ಒಬ್ಬ ಕ್ಯಾಪ್ಟನ್, ಅವನಿಗೆ ಜೊತೆಯಾಗಿ ಮಾತನಾಡುವ ಒಂದು ಯಂತ್ರ. ಶಕ್ತಿ ಸಾಲದಾದಾಗ ಕ್ಯಾಪ್ಟನ್ ಕೊನೆಗೆ ಯಂತ್ರವನ್ನು ಆರಿಸುತ್ತಾನೆ. ಮೂರು ನಿಮಿಷ ಮಾತಿಲ್ಲ, ಸಂಗೀತವಿಲ್ಲ, ಬರೀ ಕತ್ತಲು. ಆರುವಾಗ ಯಂತ್ರಕ್ಕೆ ಏನಾದರೂ ಅನಿಸಿತೇ ಇಲ್ಲವೇ? ಕಾಲೇಜಿನ ದಿನಗಳಲ್ಲಿ ಕೊಲ್ಲಾಪುರದ ಥೇಟರಿನಿಂದ ಹೊರಬಿದ್ದ ದಿನದಿಂದ ಮಾಮಾ ಮತ್ತು ಅವರ ಗೆಳೆಯರೊಬ್ಬರು ಇದೇ ಜಗಳ ಆಡುತ್ತ ಬಂದಿದ್ದಾರೆ. ಅನಿಸಿತು ಅಂತ ಮಾಮಾ. "ತಗಡಿಗೆ ಏನ ಅನಸ್ತೈತಿ" ಅಂತ ಆ ಗೆಳೆಯರು. ಕಾಗವಾಡದಲ್ಲಿ ದ್ರಾಕ್ಷಿ ತೋಟವಿರುವ ಅವರನ್ನು ನಾನು ಕಾಕಾ ಅನ್ನುತ್ತೇನೆ. ಅವರ ಕಣ್ಣು ಇನ್ನೂ ಗಟ್ಟಿ.

ಸೋಮವಾರದಿಂದ ಶುರುವಾಯಿತು. ದಿನಕ್ಕೊಂದು ಡಿಸ್ಕ್. ನಾನು ಕಂಡದ್ದನ್ನು ಹೇಳಬೇಕು, ಮಾಮಾ ನಿಲ್ಲಿಸು ಅಂದಲ್ಲಿ ನಿಲ್ಲಿಸಬೇಕು, ಅವರು ಹೇಳಿದ್ದನ್ನು ಬರೆಯಬೇಕು. ಮೊದಲ ದಿನ ಉತ್ಸಾಹವಿತ್ತು. ನೌಕೆ ಬಂದರೆ ಕಂಟ್ರೋಲರನ ದನಿ: "ನೀರಿನ ಗಾಡಿ, ನೀರಿನ ಗಾಡಿ, ಹಿಂದ ಸರೀರಿ, ಮಾಗೆ ಸರಾ." ಕ್ಯಾಪ್ಟನ್ ನೀರಿನ ಮಟ್ಟ ನೋಡಿದರೆ ಕಾಟಾದ ಗುಮಾಸ್ತನ ಗೊಣಗಾಟ. ಮಾಮಾ ನಗಲಿಲ್ಲ. "ಯಂತ್ರದ ಕಣ್ಣು ಹಸರೋ ನೀಲಿಯೋ?" ಅಂದರು. "ನೀಲಿರಿ." "ಬರಿ."

ಮೂರನೆಯ ಡಿಸ್ಕಿನ ಹೊತ್ತಿಗೆ ನಾನು ದಣಿದಿದ್ದೆ. ಅದೇ ಬಾಗಿಲು ತೆರೆಯುತ್ತದೆ, ಅದೇ ಕ್ಯಾಪ್ಟನ್ ಅದೇ ಎಡಗಾಲು ಮುಂದಿಡುತ್ತಾನೆ. ಒಂದರಲ್ಲಿ ಬಾಗಿಲು ಹಾಕಲು ನಾಲ್ಕು ಸೆಕೆಂಡು, ಇನ್ನೊಂದರಲ್ಲಿ ಏಳು. ಆ ಮೂರು ಸೆಕೆಂಡಿಗಾಗಿ ಮಾಮಾ ಹನ್ನೊಂದು ಸಲ ಹಿಂದೆ ಮುಂದೆ ಓಡಿಸಿದರು. ರಿಮೋಟ್ ಒತ್ತಿ ಒತ್ತಿ ನನ್ನ ಹೆಬ್ಬೆರಳು ಜಡವಾಯಿತು. ಕಂಟ್ರೋಲರನೂ ಗುಮಾಸ್ತನೂ ಯಾವಾಗಲೋ ಎದ್ದುಹೋಗಿದ್ದರು. ಆಕಳಿಸುವುದಕ್ಕಷ್ಟೇ ನಾನು ಉಳಿದಿದ್ದೆ.

ಶುಕ್ರವಾರ ಹೊಸ ಡಬ್ಬಿಯ ಡಿಸ್ಕ್ ಹಾಕಿದೆ. ನೌಕೆ ತಿರುಗುವ ಜಾಗ ಬಂದಾಗ ಮಾಮಾ ಮುಂದೆ ಬಾಗಿದರು.

"ದಾರ ಕಾಣ್ತೈತೇನು?"

ಹಳೆಯ ಪ್ರತಿಗಳಲ್ಲಿ, ಆಟಿಕೆಯ ನೌಕೆಯನ್ನು ತೂಗುಹಾಕಿದ ದಾರ ಅಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಕಾಣುತ್ತದೆ. ಇದರಲ್ಲಿ ಅಳಿಸಿದ್ದರು.

"ಇಲ್ಲರಿ ಮಾಮಾ. ಅಳಿಸ್ಯಾರ."

"ಸರಿ ನೋಡು."

"ನೋಡೀನ್ರಿ. ಇಲ್ಲ."

"ಆ ದಾರ ನೋಡಾಕ ನಾವಿಬ್ಬರೂ ಮೂರು ಸಲ ಕೊಲ್ಲಾಪುರಕ್ಕ ಹೋಗಿದ್ವಿ," ಅಂದರು. ಆಮೇಲೆ ಮಾತಾಡಲಿಲ್ಲ. ನಿಲ್ಲಿಸು ಅನ್ನಲಿಲ್ಲ, ಬರಿ ಅನ್ನಲಿಲ್ಲ. ಸಿನಿಮಾ ತನ್ನಷ್ಟಕ್ಕೆ ಓಡಿತು. ಐದು ದಿನದಿಂದ ನಾನು ಬಯಸಿದ್ದ ಮೌನ ಕೊನೆಗೂ ಸಿಕ್ಕಿತ್ತು, ಆದರೆ ಅದರಲ್ಲಿ ಕೂರಲು ನನಗೆ ಆಗಲಿಲ್ಲ. ಜನ ಸುಮ್ಮನಾದರೆ ಏನಾದರೂ ಒದರುವುದು ನನ್ನ ಕಸುಬಿನ ರೋಗ. ಆ ಮೂರು ನಿಮಿಷದ ಕತ್ತಲು ಬಂತು. ನಾನು ಅಂದೆ:

"ಮಾಮಾ, ಇದರಾಗ ಏನೋ ಹೊಸದ ಕಾಣಾಕತ್ತೈತ್ರಿ. ಗಾಜಿನ ಮ್ಯಾಲ ಅಕ್ಷರ ಬಂದಾವು. 'ನೀರು ಮುಟ್ಟಿತೇ?' ಅಂತ."

ಮಾಮಾ ಕನ್ನಡಕ ತೆಗೆದರು. ಅದರಿಂದ ಅವರಿಗೆ ಉಪಯೋಗವಿಲ್ಲ, ಆದರೂ ಒರೆಸಿ ಹಾಕಿಕೊಂಡರು. "ಹಳೇ ಪ್ರತಿ ಕತ್ತಲಾಗಿದ್ವು. ತೊಳದ ಮ್ಯಾಲ ಕಂಡೈತಿ," ಅಂದರು, ಯಾರಿಗೋ ಪಾಠ ಹೇಳುವವರಂತೆ. ಹಾಗೆ ಆಗಿರಬಹುದೆಂದು ಒಂದು ಕ್ಷಣ ನನಗೂ ಅನಿಸಿಬಿಟ್ಟಿತು. "ಬರಿ. ನಿಮಿಷ ಸೆಕೆಂಡು ಹಾಕಿ ಬರಿ."

ಬರೆದೆ. ಅವರು ಆಗಲೇ ಕಾಗವಾಡಕ್ಕೆ ಫೋನ್ ಹಚ್ಚಿದ್ದರು.

"ಐತವಾರ ಬಾ. ನಿನ್ನ ತಗಡು ಮಾತಾಡೈತಿ. ಸಾಕ್ಷಿ ಐತಿ ನನ್ನ ಕಡೆ."

"ಬರ್ತೀನಿ. ಆದ್ರ ನನ್ನ ಕಣ್ಣಿಲೆ ನೋಡೇ ಒಪ್ಪಾಂವ," ಅಂತ ಆ ಕಡೆಯಿಂದ ಕೇಳಿಸಿತು.

ಮಾಮಾ ಆ ಸಂಜೆ ಎರಡು ರೊಟ್ಟಿ ಹೆಚ್ಚು ಉಂಡರು. ನನಗೆ ಒಂದೂ ಇಳಿಯಲಿಲ್ಲ. ಐತವಾರ ಕಾಕಾ ಆ ಮೂರು ನಿಮಿಷ ನೋಡುತ್ತಾರೆ. ಪರದೆ ಕಪ್ಪಗಿರುತ್ತದೆ. ಮಾಮಾ ಮಾತ್ರ ಅಲ್ಲಿ ಅಕ್ಷರವಿದೆ ಎಂದು ಬೆರಳು ಮಾಡಿ ತೋರಿಸುತ್ತ ಕುಳಿತಿರುತ್ತಾರೆ. ಕಾಕಾ ನಕ್ಕರೂ ಕಷ್ಟ. ನಗದೆ, ಪಾಪ ಎಂದು ಸುಮ್ಮನಾದರೆ ಇನ್ನೂ ಕಷ್ಟ. ಶನಿವಾರವೆಲ್ಲ ಉಪಾಯ ಹುಡುಕಿದೆ. ಪ್ಲೇಯರಿನ ವೈರು ಕೀಳಲೇ, ಡಿಸ್ಕಿನ ಮೇಲೆ ಗೀರು ಎಳೆಯಲೇ. ಊರೆಲ್ಲರ ದನಿ ತೆಗೆಯುವವನಿಗೆ ಒಂದು ಖರೆ ಮಾತು ಹೇಳಲು ಯಾವ ದನಿಯೂ ಒದಗಲಿಲ್ಲ.

"ಯಾಕೋ, ಹೊಟ್ಟಿ ಬ್ಯಾನಿ ಏನು?" ಅಂದರು ಮಾಮಿ.

"ಇಲ್ರಿ ಮಾಮಿ. ಬಾಯಿ ಬ್ಯಾನಿ."

"ಬಾಯಿ ಮಾಡೂ ಕೆಲಸ ಬಿಡು, ತಾನ ಆರಾಮ ಆಕ್ಕೈತಿ."

ಐತವಾರ ಮುಂಜಾನೆ ಮಾಮಿ ಒಳಗೆ ಭಡಂಗಕ್ಕೆ ಚುರುಮುರಿ ಹುರಿಯುತ್ತಿದ್ದರು. ಕಾಕಾ ಬಸ್ ಹತ್ತಿದೆನೆಂದು ಫೋನ್ ಮಾಡಿದ್ದರು. ಮಾಮಾ ಇಸ್ತ್ರಿಯ ಅಂಗಿ ಹಾಕಿ, ನೋಟ್‌ಬುಕ್ಕಿನಲ್ಲಿ ಆ ಪುಟಕ್ಕೆ ಬೆರಳಿಟ್ಟುಕೊಂಡು ಕೂತಿದ್ದರು. ನಾನು ಅವರ ಮುಂದೆ ನೆಲದ ಮೇಲೆ ಕೂತೆ.

"ಮಾಮಾ, ಆ ಅಕ್ಷರ ಇಲ್ಲರಿ."

"ಯಾವ ಅಕ್ಷರ?"

"ನೀರು ಮುಟ್ಟಿತೇ ಅನ್ನೂದು. ಅಲ್ಲಿ ಏನೂ ಇಲ್ಲ, ಬರೇ ಕತ್ತಲ ಐತಿ. ನೀವು ಸುಮ್ಮನಾಗಿದ್ರಿ, ನಾ ಹುಟ್ಟಸಿ ಹೇಳಿದೆ."

ಮಾಮಾ ಬೆರಳು ತೆಗೆಯಲಿಲ್ಲ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ಅದು ನನಗೆ ರೂಢಿ. ಅವರು ಮಾತ್ರ, "ಅಂವಗ ನಾನ ಹೇಳತೀನಿ, ಸಾಕ್ಷಿ ಇಲ್ಲಂತ," ಅಂದರು. ನೋಟ್‌ಬುಕ್ ಮುಚ್ಚಿದರು. ಮತ್ತೆ ತೆರೆದು ಮೊದಲ ಪುಟದಿಂದ ಒಂದೊಂದೇ ಹಾಳೆಯನ್ನು ಕೈಯಿಂದ ಸವರುತ್ತ ಬಂದರು. ಕೊನೆಯ ಐದು ದಿನದ ಹಾಳೆಗಳೆಲ್ಲ ಒತ್ತಿ ಬರೆದ ನನ್ನ ಅಕ್ಷರದವು. ಅವು ಬಂದಾಗ ಕೈ ನಿಂತಿತು.

ಅವರು ಏನು ಯೋಚಿಸುತ್ತಿದ್ದಾರೆಂದು ನನಗೆ ತಿಳಿಯಿತು. ಗಡಬಡಿಸಿ ಅಂದೆ:

"ಅದೊಂದ ಸುಳ್ಳರಿ ಮಾಮಾ. ಉಳದಿದ್ದು ಎಲ್ಲಾ ಖರೇನ ಐತಿ. ಕಣ್ಣಿನ ಬಣ್ಣ, ಬಾಗಲಾ, ದಾರ, ಎಲ್ಲಾ ನೋಡೇ ಹೇಳೀನಿ."

"ಅದನ್ನೂ ನೀನ ಹೇಳಾಕತ್ತಿಯಲ್ಲೋ," ಅಂದರು ಮಾಮಾ. "ಮೊದಲನೇ ಡಿಸ್ಕ್ ಹಚ್ಚು."