ಎರಡು ಸಲ ಬೆಂದ ಬಿಸ್ಕತ್ತು

ಪಶ್ಚಾತ್ತಾಪಕ್ಕೆ ಅಗ್ನಿಗಿಂತ ದೊಡ್ಡ ಸಾಕ್ಷಿಯಿಲ್ಲ. ನನ್ನ ಪಾಲಿಗೆ ಅದು ಕೊಟ್ಟೂರಿನ ಬೇಕರಿಯ ಭಟ್ಟಿ. ಮಗಳು ಘಟಿಕೋತ್ಸವಕ್ಕೆ ಕರೆದಾಗ ನನ್ನ ದಿನಸಿ ಅಂಗಡಿಯ ನೆಪ ಹೇಳಿ ನಾನು ಹೋಗಿರಲಿಲ್ಲ. ಅವಳು ಪದವಿ ಪಡೆದು ಮನೆಗೆ ಬರುವ ದಿನ, ಸಂಭ್ರಮಕ್ಕೆಂದು ಅವಳಿಗಿಷ್ಟವಾದ ಕುಕೀ ಬಾರ್ ಎಂಬ ಮೆತ್ತನೆಯ ಬಿಸ್ಕತ್ತು ಮಾಡಲು ಹೊರಟೆ. ಹಿಟ್ಟು, ಬೆಣ್ಣೆ, ಸಕ್ಕರೆ ಕಲಸಿ, ಮೇಲೆ ಟೂಟಿ ಫ್ರೂಟಿ ಉದುರಿಸಿ, ನಮ್ಮೂರ ರೂಢಿಯಂತೆ ತಟ್ಟೆಯನ್ನು ಬೇಯಿಸಲು ಬೇಕರಿಗೆ ಕೊಟ್ಟು ಬಂದೆ. ಸಂಜೆ ಹೋದರೆ ಬಿಸ್ಕತ್ತು ಹಂಚಿನ ಚೂರಿನಂತೆ ಸದ್ದು ಮಾಡಿತು.

“ಮೆತ್ತಗಿದ್ವು ಯಜಮಾನ್ರ, ಹಸಿ ಅದಾವು ಅಂತ ಇನ್ನೊಮ್ಮಿ ಭಟ್ಟ್ಯಾಗ ಇಟ್ಟೆ. ಮುರಿದ್ರ ಸಪ್ಪಳ ಬರಬೇಕಲ್ರೀ!” ಎಂದ ಬೇಕರಿಯವನು.

“ಮಗಳಿಗೆ ಏನು ಹೇಳ್ಲೋ?”

“ವಯಸ್ಸಿನ ಹುಡುಗಿ, ಹಲ್ಲು ಗಟ್ಟಿ ಇರ್ತಾವ ಬಿಡ್ರಿ.”

ಘಟಿಕೋತ್ಸವ ತಪ್ಪಿಸಿದ ನನಗೆ ಅವನ ಮೇಲೆ ಸಿಟ್ಟೂ ಬರಲಿಲ್ಲ; ತಟ್ಟೆ ಎತ್ತಿಕೊಂಡು ಮನೆಗೆ ಬಂದೆ.

ಮಗಳು ಒಂದು ತುಂಡನ್ನು ಚಹಾದಲ್ಲಿ ಅದ್ದಿ ತಿಂದಳು. ಘಟಿಕೋತ್ಸವದ ಮಾತು ಎತ್ತಲಿಲ್ಲ.