ಅತ್ತೆ ತೊಳೆದ ಡಬ್ಬಿ

ಕೊಪ್ಪದಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ಬೂಸ್ಟಿನ, ಅಂದರೆ ಹಳಸಿದ ತಿಂಡಿಯ ಮೇಲೆ ಬೆಳೆಯುವ ಶಿಲೀಂಧ್ರದ, ಹುಚ್ಚು. ಕೆಲವು ಬೂಸ್ಟುಗಳ ರಸ ಕೀಟದ ಮೈಯಲ್ಲಿ ಒಂದು ಹಾರ್ಮೋನು ಹುಟ್ಟದಂತೆ ತಡೆಯುತ್ತದೆ. ಮರಿಯನ್ನು ಮರಿಯಾಗಿಯೇ ಇಡುವ ಹಾರ್ಮೋನು ಅದು. ಅದಿಲ್ಲದಿದ್ದರೆ ಮರಿ ಪೂರ್ತಿ ಬೆಳೆಯುವ ಮೊದಲೇ ಕುಳ್ಳ ಮುದುಕನಾಗಿ, ಸಂತಾನವಿಲ್ಲದೆ ಸಾಯುತ್ತದೆ.

ಹೋದ ವರ್ಷ ಮೆಣಸೆ ಊರಿನಲ್ಲಿರುವ ನನ್ನ ಸೋದರತ್ತೆಯ ಹಪ್ಪಳದ ಡಬ್ಬಿಗೆ ನೀಲಿ ಬೂಸ್ಟು ಹಿಡಿಯಿತು. ಇದನ್ನೆಲ್ಲ ಫೋನಿನಲ್ಲಿ ವಿವರಿಸಿ, ಡಬ್ಬಿಯನ್ನು ಹಾಗೇ ಕಳಿಸು ಎಂದು ಬೇಡಿಕೊಂಡೆ. ಅತ್ತೆ ಹೂಂಗುಟ್ಟಿದಳು.

ಬಸ್ಸಿನಲ್ಲಿ ಬಂದ ಡಬ್ಬಿಯನ್ನು ತೆರೆದೆ. ಬೂದಿ ಹಾಕಿ ಫಳಫಳ ತಿಕ್ಕಿದ ಡಬ್ಬಿಯ ತುಂಬ ಹೊಸ ಹಪ್ಪಳ! ಸಿಟ್ಟು ನೆತ್ತಿಗೇರಿತು. ಫೋನ್ ಮಾಡಿ ಕೂಗಾಡಿದೆ.

"ಬೂಸ್ಟು ಹಿಡಿದ ಡಬ್ಬೀನ ಯಾರಾದ್ರೂ ಇನ್ನೊಬ್ರ ಮನೆಗೆ ಕಳಿಸ್ತಾರೇನೇ ಮಾರಾಯ್ತಿ? ನಂಗೆ ಮರ್ಯಾದೆ ಬೇಡ್ವಾ?"

"ಹಾಗಾದ್ರೆ ನನ್ನ ಬೂಸ್ಟು ಎಲ್ಲಿ ಅತ್ತೆ?"

"ಎಲ್ಲಿಗೂ ಹೋಗ್ಲಿಲ್ಲ. ಬೂದಿ ಹಾಕೋ ಮೊದಲು ಡಬ್ಬಿ ತೊಳೆದ ನೀರನ್ನ ಒಂದು ಬೆಂಡೆ ಗಿಡಕ್ಕೆ ಚಿಮುಕಿಸಿದೀನಿ. ಪಕ್ಕದ ಗಿಡಕ್ಕೆ ಬರೀ ನೀರು. ಯಾವ ಗಿಡದ ರಸ ಹೀರೋ ಕೆಂಪು ತಿಗಣೆ ಮರಿಗಳು ಮೊದಲು ಮುದುಕರಾಗ್ತಾವೆ ಅಂತ ನೋಡ್ಬೇಕಲ್ಲ?"

ನನ್ನ ಸಿಟ್ಟು ಅಲ್ಲೇ ಇಳಿಯಿತು. ಹೋಲಿಸಿ ನೋಡಲು ಇನ್ನೊಂದು ಗಿಡ ಬೇಕೆಂಬುದನ್ನು ನಾನು ಅವಳಿಗೆ ಹೇಳಿಕೊಟ್ಟಿರಲೇ ಇಲ್ಲ.