ಗೋಲ್ ಕಂಬಗಳ ನಡುವಿನ ಬಿಳಿ ಕೋಟು

ನಮ್ಮ ಕ್ಲಬ್ಬು ಮುಚ್ಚುವ ಹಂತಕ್ಕೆ ಬಂದದ್ದು ಮಳೆಯಿಂದ ಎಂದು ಕೋಚ್ ಹೇಳುತ್ತಾರೆ, ಗಂಡಂದಿರ ಮೊಣಕಾಲುಗಳಿಂದ ಎಂದು ಆಟಗಾರರ ಹೆಂಡತಿಯರು ಹೇಳುತ್ತಾರೆ. ಎಲ್ಲರೂ ಮರ್ಯಾದಸ್ಥರು. ನಿಜ ಹೇಳಬೇಕೆಂದರೆ ಅರ್ಧ ಕಾರಣ ನಾನು. ಯಾರನ್ನಾದರೂ ಸ್ವಲ್ಪ ಹೊತ್ತು ನೋಡಿದರೆ ಸಾಕು, ಅವರ ನಡಿಗೆ, ಕೆಮ್ಮು, ಮೂಗು ಒರೆಸಿಕೊಳ್ಳುವ ರೀತಿ ಎಲ್ಲ ನನ್ನ ಮೈಗೆ ಬಂದುಬಿಡುತ್ತದೆ. ಬಂದದ್ದನ್ನು ನಾಲ್ಕು ಜನರ ಮುಂದೆ ಆಡಿ ತೋರಿಸದಿದ್ದರೆ ಊಟ ಸೇರುವುದಿಲ್ಲ.

ಕೊರೊನಾಕ್ಕೆ ಇನ್ನೂ ಕೆಲವು ವರ್ಷ ಇದ್ದ ಕಾಲ ಅದು. ಶನಿವಾರಗಳಂದು ಅಮೆರಿಕದ ವುಡಿನ್‌ವಿಲ್ ಎಂಬ ಊರಿನ ಪಾರ್ಕಿನಲ್ಲಿ ನಾವು ಆಸ್ಟ್ರೇಲಿಯಾದವರ ಫುಟ್‌ಬಾಲ್ ಆಡುತ್ತಿದ್ದೆವು. ಮೊಟ್ಟೆಯಾಕಾರದ ಚೆಂಡು, ಹಿಡಿಯಬಹುದು, ಗುದ್ದಬಹುದು, ಒದೆಯಬಹುದು, ಎಸೆಯುವಂತಿಲ್ಲ. ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಮ್ಮವು ಪ್ಲಾಸ್ಟಿಕ್ ಪೈಪುಗಳು, ಗಾಳಿ ಬಂದರೆ ಆಟಗಾರರಿಗಿಂತ ಮೊದಲು ಅವೇ ಬೀಳುತ್ತಿದ್ದವು. ಕೋಚ್ ಅಲ್ಲಿನ ವೈನರಿಯೊಂದರಲ್ಲಿ ಕೆಲಸ ಮಾಡುವ ಆಸ್ಟ್ರೇಲಿಯಾದವರು. ತಂಡದಲ್ಲಿ ಅವರ ಕಡೆಯ ಮೂರ್ನಾಲ್ಕು ಜನ, ಇದು ಯಾವ ಆಟವೆಂದು ನೋಡಲು ಬಂದು ಸಿಕ್ಕಿಹಾಕಿಕೊಂಡ ಅಮೆರಿಕನ್ನರು, ಹತ್ತಿರದ ಬೆಲ್‌ವ್ಯೂ ಊರಿನ ಆಫೀಸುಗಳ ನಾವು ಕೆಲವು ಕನ್ನಡದ ಹುಡುಗರು. ನನ್ನ ಆಟದ ಬಗ್ಗೆ ಇಷ್ಟು ಸಾಕು: ಚೆಂಡು ನನ್ನ ಕಡೆ ಬಂದರೆ ನಾನು ಗೌರವದಿಂದ ದಾರಿ ಬಿಡುತ್ತಿದ್ದೆ.

ನಮ್ಮನ್ನೆಲ್ಲ ಮಿನಿವ್ಯಾನಿನಲ್ಲಿ ತುಂಬಿಕೊಂಡು ಬರುತ್ತಿದ್ದವರು ಈಸ್ಟ್‌ಗೇಟ್ ಬಡಾವಣೆಯ ಅಣ್ಣ. ಬಾಗಲಕೋಟೆ ಕಡೆಯವರು, ನಲವತ್ತು ದಾಟಿದ ಎಂಜಿನಿಯರ್. ಬೆನ್ನುನೋವಿನಿಂದ ಓಡಲಾಗದೆ ಗೋಲ್ ಅಂಪೈರ್ ಆಗಿದ್ದರು. ಬಿಳಿ ಕೋಟು ಹಾಕಿ ಕಂಬಗಳ ನಡುವೆ ನಿಲ್ಲಬೇಕು; ಚೆಂಡು ಒಳಕಂಬಗಳ ಮಧ್ಯೆ ಹಾದರೆ ಎರಡೂ ತೋರುಬೆರಳು ಮುಂದೆ ಚಾಚಬೇಕು, ಆಮೇಲೆ ಎರಡು ಬಾವುಟ ಬೀಸಬೇಕು. ಅಣ್ಣ ಬೆರಳು ಚಾಚುವ ಮೊದಲು ಹಿಮ್ಮಡಿ ಜೋಡಿಸಿ, ಗಂಟಲು ಸರಿಮಾಡಿಕೊಂಡು, ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ಆಫೀಸಿನ ಮೀಟಿಂಗಿನಲ್ಲಿ ಅವರ ಮಾತಿಗೆ ಯಾರೂ ಕಾಯುತ್ತಿರಲಿಲ್ಲವಂತೆ. ಇಲ್ಲಿ ಇಡೀ ಮೈದಾನ ಅವರ ಬೆರಳಿಗಾಗಿ ಕಾಯುತ್ತಿತ್ತು.

"ತಮ್ಮಾ, ವಾರಪೂರ್ತಿ ನಾ ಇದರ ಸಲುವಾಗೇ ಕಾಯ್ತೀನಿ ನೋಡು" ಎಂದು ಒಮ್ಮೆ ವ್ಯಾನಿನಲ್ಲಿ ಹೇಳಿದ್ದರು. ಅದನ್ನು ಕೇಳಿಸಿಕೊಂಡವನು ನಾನೇ.

ಯುಗಾದಿಗೆ ಅಣ್ಣ ಎಲ್ಲರನ್ನೂ ಮನೆಗೆ ಊಟಕ್ಕೆ ಕರೆದಿದ್ದರು. ಮೊದಲು ಕೋಚನ್ನು ಆಡಿ ತೋರಿಸಿದೆ, ಜನ ಹೊಟ್ಟೆ ಹಿಡಿದುಕೊಂಡರು. ಆಮೇಲೆ ಚೆಂಡಿಗೆ ಹೆದರುವ ನನ್ನನ್ನು. ಅಷ್ಟರಲ್ಲಿ ಯಾರೋ "ಲೋ, ಅಣ್ಣಂದು ಮಾಡೋ!" ಎಂದರು. ಟೇಬಲ್ಲಿನ ಬಿಳಿ ಬಟ್ಟೆ ಎಳೆದು ಹೊದ್ದುಕೊಂಡೆ. ಹಿಮ್ಮಡಿ, ಗಂಟಲು, ಕಣ್ಣು, ಬೆರಳು. ಬಾವುಟಕ್ಕೆ ಅವರ ಹೆಂಡತಿ ಮಾಡಿಟ್ಟ ಎರಡು ಕಡಕ್ ರೊಟ್ಟಿ. ಬೀಸಿದ ರಭಸಕ್ಕೆ ಒಂದು ಮುರಿದು ಪಲ್ಯದೊಳಗೆ ಬಿತ್ತು.

ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಅವರ ಮಗಳು, ಪ್ರೈಮರಿ ಶಾಲೆಯ ಹುಡುಗಿ. "ಅಪ್ಪಾ, ದಟ್ಸ್ ಸೋ ಯೂ!"

ಅಣ್ಣನೂ ನಕ್ಕರು. "ನಾ ಹಂಗ ಮಾಡ್ತೀನೇನು?"

"ಅಣ್ಣಾ, ನಿಮ್ಮನೆ ಊಟ ತಿಂದಿದೀನಿ ಅಂತ ಸ್ವಲ್ಪ ಕಮ್ಮಿನೇ ಮಾಡ್ದೆ" ಎಂದೆ. ಮತ್ತೊಂದು ಸುತ್ತು ನಗು.

ಮುಂದಿನ ಶನಿವಾರ ಮೊದಲ ಗೋಲಿಗೆ ಅಣ್ಣ ಹಿಮ್ಮಡಿ ಜೋಡಿಸಿದರು, ನಮ್ಮ ಕಡೆ ನೋಡಿದರು. ನಮ್ಮ ಹುಡುಗರ ಮುಖದಲ್ಲಿ ನಗು ತುಳುಕುತ್ತಿತ್ತು. ನೊಣ ಓಡಿಸಿದ ಹಾಗೆ ಬೆರಳು ಆಡಿಸಿ ಕೈ ಇಳಿಸಿಬಿಟ್ಟರು. ಅದರ ಮುಂದಿನ ವಾರ ಬೆನ್ನುನೋವು ಎಂದು ಮೆಸೇಜ್ ಬಂತು, ವ್ಯಾನ್ ಬರಲಿಲ್ಲ. ವ್ಯಾನಿಲ್ಲವೆಂದು ಹುಡುಗರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಎದುರಾಳಿಗಳಿಂದ ಆಟಗಾರರನ್ನು ಎರವಲು ಪಡೆದು ಅವರಿಂದಲೇ ಸೋಲುವ ಮಟ್ಟಕ್ಕೆ ಬಂದೆವು. ಕೊನೆಗೆ ಕೋಚ್ ಪೈಪುಗಳನ್ನು ಒಯ್ದು ತಮ್ಮ ಗ್ಯಾರೇಜಿನಲ್ಲಿ ಒರಗಿಸಿಟ್ಟರು. ಆ ಚಳಿಗಾಲವಿಡೀ ನಾನು ಯಾರನ್ನೂ ಅಣಕಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಣ್ಣನನ್ನು ಮಾತ್ರ ಅಣಕಿಸಲಿಲ್ಲ. ಫೋನನ್ನೂ ಮಾಡಲಿಲ್ಲ.

ಕ್ಲಬ್ಬನ್ನು ಬದುಕಿಸಿದ್ದು ಕೋಚ್ ಅವರ ಹೆಂಡತಿ. ಮಕ್ಕಳಿಗೆ ಬೆಳಗಿನ ತರಗತಿ ತೆರೆದರು. ಮಕ್ಕಳ ಹಿಂದೆ ಅಮ್ಮಂದಿರು ಬಂದರು, ಕಾದು ಬೇಸತ್ತ ಅಮ್ಮಂದಿರು ತಾವೇ ಒಂದು ತಂಡ ಕಟ್ಟಿದರು, ಬೌಂಡರಿಯಲ್ಲಿ ಫೋನ್ ನೋಡುತ್ತಿದ್ದ ಅಪ್ಪಂದಿರನ್ನು ಒಳಗೆ ಎಳೆದರು. ಎರಡನೆಯ ಬೇಸಿಗೆಗೆ ನಮಗೆ ನಿಜವಾದ ಕಂಬಗಳಿದ್ದವು, ಬೆಂಚಿನಲ್ಲಿ ಕೂರಿಸಲೂ ಜನರಿದ್ದರು. ಆ ಬೆಂಚು ಬಹುಪಾಲು ನನ್ನದೇ.

ಮಕ್ಕಳ ಗುಂಪಿನಲ್ಲಿ ಚೆಂಡನ್ನು ಎಲ್ಲರಿಗಿಂತ ದೂರ ಒದೆಯುತ್ತಿದ್ದವಳು ಅಣ್ಣನ ಮಗಳು. ಅಣ್ಣ ಅವಳನ್ನು ಇಳಿಸಿ, ಪಾರ್ಕಿಂಗಿನಲ್ಲಿ ಗಾಜು ಏರಿಸಿಕೊಂಡು ವ್ಯಾನಿನಲ್ಲೇ ಕೂರುತ್ತಿದ್ದರು. ಅಲ್ಲಿಂದ ಕಂಬಗಳು ಚೆನ್ನಾಗಿ ಕಾಣುತ್ತವೆ.

ಕೆನಡಾದಿಂದ ಒಂದು ತಂಡ ಆಡಲು ಬಂದ ದಿನ ಗೋಲ್ ಅಂಪೈರ್ ಸಿಗಲಿಲ್ಲ. ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ವ್ಯಾನಿನ ಹತ್ತಿರ ಹೋಗಿ ಗಾಜು ತಟ್ಟಿದೆ. ಗಾಜು ಇಳಿಯಿತು.

"ಅಣ್ಣಾ, ಅವತ್ತು ನಾನು ಮಾಡಿದ್ದು ತಪ್ಪು."

"ಸಿಟ್ಟೇನಿಲ್ಲೋ ತಮ್ಮಾ. ಚಾ ಕುಡಿತಿಯೇನು?"

"ಆಮೇಲೆ ಕುಡೀತೀನಿ. ಕೋಟು ಇಸ್ತ್ರಿ ಮಾಡಿ ತಂದಿದೀನಿ, ಬನ್ನಿ ಅಣ್ಣಾ. ನಿಮ್ ಥರ ಅಲ್ಲಿ ಯಾರೂ ನಿಲ್ಲಲ್ಲ."

ಅಣ್ಣ ಕೈ ಹೊರಚಾಚಿ ಕೋಟಿನ ತೋಳನ್ನೊಮ್ಮೆ ಮುಟ್ಟಿ ನೋಡಿದರು. ನನ್ನನ್ನು ನೋಡಿ ನಕ್ಕರು ಕೂಡ.

"ಈಗ ನಾ ಹೋಗಿ ಅಲ್ಲಿ ನಿಂತ್ರ, ನಿನ್ನ ನಕಲು ಮಾಡಿದಂಗ ಆಗ್ತೈತಿ."